ಫೋನಿನ ಹಣೆಗೆ ವಿಭೂತಿ

ಇಪ್ಪತ್ತೆರಡು ವರ್ಷ ಹಲಗೆಯ ಮುಂದೆ ನಿಂತವನಿಗೂ ನಗೆಪಾಟಲಿನಿಂದ ಬಿಡುಗಡೆ ಇಲ್ಲ. ಮೊದಲು ಅದು ನಾಲ್ಕು ಗೋಡೆಯೊಳಗೆ ನಡೆದು ಅಲ್ಲೇ ಮುಗಿಯುತ್ತಿತ್ತು. ಫೋನಿನಲ್ಲಿ ಪಾಠ ಶುರುವಾದ ಮೇಲೆ ಎಲ್ಲರ ಮನೆಯಲ್ಲೂ ಒಂದೇ ಸಲಕ್ಕೆ ನಡೆಯತೊಡಗಿತು. ಶಿವನಿಚ್ಛೆ.

ನಾನು ಹುಟ್ಟಿ ಓದಿದ್ದು ಮಡಕಶಿರಾ ಕಡೆಯ ಹಳ್ಳಿಯಲ್ಲಿ. ಕೆಲಸ ರಾಯದುರ್ಗದ ಹತ್ತಿರದ ಒಂದು ಊರಿನ ಶಾಲೆಯ ಕನ್ನಡ ಮಾಧ್ಯಮದ ವಿಭಾಗದಲ್ಲಿ. ಎರಡೂ ಗಡಿಯ ಆಚೆ, ಆಂಧ್ರಕ್ಕೆ ಸೇರಿದವು. ಆ ರೋಗದ ಕಾಲದಲ್ಲಿ ಶಾಲೆ ಮುಚ್ಚಿದಾಗ ಶಿಕ್ಷಣಾಧಿಕಾರಿಯ ಆಫೀಸಿನಿಂದ ಒಂದು ಸಂದೇಶ ಬಂತು. ಆನ್‌ಲೈನ್ ಪಾಠಕ್ಕೆ ಮಕ್ಕಳು ಬಾರದಿದ್ದರೆ ಕನ್ನಡ ವಿಭಾಗ ತೆಗೆದು ತೆಲುಗು ವಿಭಾಗಕ್ಕೆ ಸೇರಿಸುವುದು ಎಂದು. ಇದ್ದವರು ಹದಿನಾಲ್ಕು ಮಕ್ಕಳು, ಐದನೇ ತರಗತಿ. ಸೇರಿಸಿದರೆ ಆ ಮಕ್ಕಳು ಮತ್ತೆ ಮೊದಲ ಅಕ್ಷರದಿಂದ ತಿದ್ದಬೇಕು. ಅಂದಿನಿಂದ ನನಗೆ ಊಟ ಸೇರದಾಯಿತು.

೧. ಮೊದಲ ಪಾಠ

ಸೋಮವಾರ. ಸ್ನಾನ, ಪೂಜೆ ಮುಗಿಸಿ ಫೋನನ್ನು ಪುರಾಣ ಓದುವ ವ್ಯಾಸಪೀಠದ ಮೇಲೆ ನಿಲ್ಲಿಸಿದೆ. ಹೊಸ ಪುಸ್ತಕ ಬಂದರೂ ಹೊಸ ಹಲಗೆ ಬಂದರೂ ಮೊದಲು ವಿಭೂತಿ ಹಚ್ಚುವುದು ನಮ್ಮ ಮನೆಯ ಪದ್ಧತಿ. ಫೋನಿಗೂ ಮೇಲ್ಭಾಗವೇ ಹಣೆ ತಾನೆ ಎಂದು ನೀರು ಮುಟ್ಟಿಸಿದ ವಿಭೂತಿಯಿಂದ ಅಲ್ಲಿ ಮೂರು ಬೆರಳು ಎಳೆದು, ಕೈ ಮುಗಿದು, ಪಾಠ ಹಿಡಿದೆ.

ಅರ್ಧ ಗಂಟೆ ಒಂದು ಮಗುವೂ ಉಸಿರೆತ್ತಲಿಲ್ಲ. ಎಂಥ ಶಿಸ್ತು ಎಂದು ಮನಸ್ಸು ತುಂಬಿ ಬಂತು. ಆಗ ಒಬ್ಬ ಹುಡುಗಿಯ ಅಜ್ಜಿಯ ದನಿ ಕೇಳಿತು.

“ಸಾರ್, ಎಲ್ಲಿದ್ದೀರ್ರೀ? ಬರೇ ಮಂಜು ಕಾಣ್ತೈತಿ. ಹುಡುಗ್ರು ಹೆದರ್ಯಾರ.”

ನಮ್ಮವಳು ಬಾಗಿಲಿಗೆ ಬಂದು ನೋಡಿದಳು. “ಕ್ಯಾಮೆರಾದ ಕಣ್ಣಿಗೇ ಬಳ್ದೀರಲ್ರೀ! ಶಿವನಾದ್ರೂ ಹಣೆಗಣ್ಣು ಬಿಟ್ಟು ಹಚ್ಕೊಂತಾನ.”

೨. ಹಾಜರಿ

ಮರುದಿನ ಹಾಜರಿ ಕೂಗಿದೆ. ಆ ಹುಡುಗಿಯ ಹೆಸರಿಗೆ ಅಜ್ಜಿಯೇ “ಹಾಜರ್ರಿ” ಅಂದರು.

“ಅಜ್ಜಿ, ನೀವಲ್ರಿ. ಮೊಮ್ಮಗಳು ಎಲ್ಲಿ?”

“ಕುರಿ ಹಿಂದ ಹೋಗ್ಯಾಳ್ರಿ. ನೀವು ಹೇಳ್ರಿ, ನಾ ಕೇಳ್ಕೊಂತೀನಿ. ಸಂಜಿಕ ಆಕಿಗೆ ಹೇಳ್ತೀನಿ.”

“ಹಂಗ ಆಗಂಗಿಲ್ರಿ ಅಜ್ಜಿ.”

“ಯಾಕ ಆಗಂಗಿಲ್ರಿ? ನನಗೇನು ಕಿವಿ ಇಲ್ಲೇನು?”

ವಾರಕ್ಕೆ ಮೂರು ದಿನ ಹೀಗೇ. ಗೈರು ಬರೆದರೆ ವಿಭಾಗ ಹೋಗುತ್ತದೆ, ಹಾಜರು ಬರೆದರೆ ಸುಳ್ಳಾಗುತ್ತದೆ. ದೇವರ ಮುಂದೆ ಕೂತು ಬಹಳ ಯೋಚಿಸಿ, ಕೊನೆಗೆ ಪೆನ್ಸಿಲಿನಲ್ಲಿ ಹಾಜರಿಯ ಗೀಟು ಹಾಕಿದೆ. ಅಧಿಕಾರಿ ಕೇಳಿದರೆ ತೋರಿಸಬಹುದು, ದೇವರು ಕೇಳಿದರೆ ಅಳಿಸಬಹುದು.

೩. ಬ್ಲಾಗು

ಮಡಕಶಿರಾದಲ್ಲಿ ನನ್ನ ಬಾಲ್ಯದ ಗೆಳೆಯನೊಬ್ಬ ಇದ್ದಾನೆ, ಅವನೂ ಮೇಷ್ಟ್ರೇ. ತನ್ನ ಪಾಠದ ಉಪಾಯಗಳನ್ನೆಲ್ಲ ಬ್ಲಾಗಿನಲ್ಲಿ ಬರೆಯುವವನು. “ಗೊತ್ತಿರೋದ್ನ ಒಬ್ನೇ ಇಟ್ಕಂಡು ಏನ್ ಮಾಡ್ತೀಯೋ? ನೀನೂ ಬರ್ದು ಹಾಕು, ನಾಕು ಜನ ಮೇಷ್ಟ್ರು ಓದ್ಕಂತಾರೆ” ಎಂದು ಬೆನ್ನು ಹತ್ತಿದ. ಬ್ಲಾಗನ್ನೂ ಅವನೇ ತೆರೆದುಕೊಟ್ಟ.

ಕಾಗದ ಬರೆಯುವಂತೆ ಮೇಲೆ ‘ಶ್ರೀ’ ಹಾಕಿ, ‘ಇತ್ತ ಕ್ಷೇಮ’ ಎಂದು ಶುರು ಮಾಡಿ, ನಿಧಾನವಾಗಿ ಬರೆದೆ: ‘ಪಾಠಕ್ಕೆ ಮೊದಲು ಫೋನಿಗೆ ವಿಭೂತಿ ಹಚ್ಚಿ ಕೈ ಮುಗಿದರೆ ಮಕ್ಕಳು ಗದ್ದಲವಿಲ್ಲದೆ ಕೂರುತ್ತಾರೆ. ಇದು ನನ್ನ ಅನುಭವ.’ ಬರೆದದ್ದರಲ್ಲಿ ಸುಳ್ಳಿಲ್ಲ. ಮಕ್ಕಳು ಯಾಕೆ ಸುಮ್ಮನೆ ಕೂತರು ಎಂಬುದನ್ನು ಮಾತ್ರ ಬರೆಯಲಿಲ್ಲ. ಮರ್ಯಾದೆಯ ಪ್ರಶ್ನೆ ನೋಡಿ.

ಗೆಳೆಯ ಅದನ್ನು ತೆಲುಗಿಗೂ ಮಾಡಿ ಮೇಷ್ಟರುಗಳ ಗುಂಪಿಗೆಲ್ಲ ಹಂಚಿದ. ಆ ಗುಂಪಿನಲ್ಲಿ ನಮ್ಮ ಅಧಿಕಾರಿಯೂ ಇದ್ದರು. ಸಂಜೆಗೆ ಅವರ ಸಂದೇಶ: ‘ಓದಿದೆ. ಸೋಮವಾರ ನಿಮ್ಮ ಪಾಠ ನೋಡಲು ಬರುತ್ತೇನೆ. ಹಾಜರಿ ಪುಸ್ತಕ ಸಿದ್ಧವಿರಲಿ.’

ಗೆಳೆಯನಿಗೆ ಫೋನ್ ಮಾಡಿದೆ. “ನೀನು ಹಂಚಿದ್ದಕ್ಕೆ ನನ್ನ ವಿಭಾಗವೇ ಹೋಗ್ತದೆ ಕಣೋ!”

“ಹೋದ್ರೆ ಅದ್ನೂ ಬರಿ. ಚೆನ್ನಾಗಿರ್ತೈತೆ.”

೪. ಅಧಿಕಾರಿ ಬಂದರು

ಭಾನುವಾರ ಹದಿನಾಲ್ಕು ಮನೆಯ ಬಾಗಿಲಿಗೂ ಹೋಗಿ ದೂರದಲ್ಲೇ ನಿಂತು ಬೇಡಿಕೊಂಡೆ. ಕೊನೆಗೆ ಅಜ್ಜಿಯ ಮನೆ. “ಅಜ್ಜಿ, ನಾಳೆ ಮೊಮ್ಮಗಳನ್ನು ಕೂಡ್ರಿಸ್ರಿ. ನೀವು ಮಾತ್ರ ಬಾಯಿ ಬಿಚ್ಚಬ್ಯಾಡ್ರಿ.”

“ಸಾಹೇಬ್ರ ಗೊಡವಿ ನನಗ್ಯಾಕ್ರಿ?” ಅಂದರು.

ಸೋಮವಾರ ಹದಿನಾಲ್ಕು ಮುಖವೂ ಬಂದವು. ಹತ್ತು ಗಂಟೆಗೆ ಸರಿಯಾಗಿ ಫೋನಿನ ಪರದೆಯಲ್ಲಿ ಅಧಿಕಾರಿಯ ಚೌಕವೂ ತೆರೆಯಿತು. ನೋಡುತ್ತೇನೆ, ಬರೀ ಬೂದುಬಣ್ಣ! ಆ ಬಣ್ಣ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೆ ಅಧಿಕಾರಿಗೆ ಹೇಳುವುದು ಹೇಗೆ? ಅದು ನನ್ನ ಬ್ಲಾಗಿನ ವಿಭೂತಿ.

“ಎದುರಿಗೆ ಕೂತಿದ್ದೇನೆ. ಯಾರೂ ನಮಸ್ಕಾರ ಹೇಳುವುದಿಲ್ಲವೇ?” ಮಂಜಿನೊಳಗಿಂದ ತೆಲುಗಿನಲ್ಲಿ ಗಡಸು ದನಿ. ಗಡಿಯ ಊರು ನೋಡಿ, ಎರಡೂ ಭಾಷೆಯ ಮಾತು ಎಲ್ಲರಿಗೂ ತಿಳಿಯುತ್ತದೆ. ಅವರು ಅಜ್ಜಿಯ ಮೊಮ್ಮಗಳ ಹೆಸರನ್ನೇ ಕೂಗಿ, ಶನಿವಾರದ ಪಾಠ ಏನು ಎಂದು ಕೇಳಿದರು. ಹುಡುಗಿ ತುಟಿ ಕಚ್ಚಿಕೊಂಡು ಕೂತಳು. ನಾನು ಶಿವನಾಮ ಹಿಡಿದೆ.

“ಸಾಹೇಬ್ರ,” ಹುಡುಗಿಯ ಬೆನ್ನ ಹಿಂದಿನಿಂದ ಅಜ್ಜಿ, “ಮೊದ್ಲು ನಿಮ್ಮ ಫೋನಿನ ಈಬತ್ತಿ ಒರಿಸ್ಕೋರಿ. ನಮ್ಮ ಸಾರೂ ಮೊದ್ಲ ದಿನ ಹಿಂಗ ಬಳ್ಕೊಂಡಿದ್ರು.”

ಮುಗಿಯಿತು ಅಂದುಕೊಂಡೆ. ಮಂಜಿನಲ್ಲಿ ಒಂದು ಹೆಬ್ಬೆರಳು ಆಡಿತು, ಆಮೇಲೆ ಪಂಚೆಯ ಚುಂಗು, ಕೊನೆಗೆ ಸಾಹೇಬರ ಮುಖ. ಅವರ ಹಣೆಯ ಮೇಲೂ ಮೂರು ಗೆರೆ.

“ನೀವು ಬರೆದದ್ದನ್ನು ಅಮ್ಮನಿಗೆ ಓದಿ ಹೇಳಿದ್ದೆ. ಬೆಳಿಗ್ಗೆ ಅವರೇ ಹಚ್ಚಿದರು,” ಎಂದು ತಗ್ಗಿದ ದನಿಯಲ್ಲಿ ಹೇಳಿ, “ಆ ಮುದುಕಮ್ಮ ಯಾರು?” ಎಂದರು.

ಇನ್ನು ಮುಚ್ಚಿಡಲು ಏನಿದೆ? ಕುರಿ, ಅಜ್ಜಿ, ಪೆನ್ಸಿಲಿನ ಗೀಟು, ಎಲ್ಲ ಒಪ್ಪಿಸಿದೆ.

“ಹಾಗಾದರೆ ಅವರೇ ಹೇಳಲಿ, ಶನಿವಾರ ಏನು ಕಲಿತರು?”

“ಉದ್ದಕ್ಕ ಅಗಲ ಗುಣಿಸಿದ್ರ ಹೊಲದ ಅಳತಿ ಬರ್ತೈತಿ ಅಂದ್ರು. ನಾ ಒಪ್ಪಿಲ್ರಿ. ನಮ್ಮ ಹೊಲ ಒಂದು ಕಡಿ ಡೊಂಕೈತಿ.”

ಅಷ್ಟು ಹೊತ್ತು ಸುಮ್ಮನಿದ್ದ ಹುಡುಗಿ ಸಿಟ್ಟಿನಿಂದ ತಿರುಗಿದಳು. “ಎಷ್ಟು ಸಲ ಹೇಳ್ಲಿ ಅಜ್ಜಿ? ಎರಡು ತುಂಡು ಮಾಡಿ ಅಳೀಬೇಕು, ಆಮ್ಯಾಗ ಕೂಡಿಸ್ಬೇಕು!”

ಸಾಹೇಬರು ಬಹಳ ಹೊತ್ತು ನಕ್ಕರು. “ಪಾಠ ಮೊಮ್ಮಗಳಿಗೆ ಮುಟ್ಟಿದೆ. ಆ ಪೆನ್ಸಿಲಿನ ಗೀಟುಗಳ ಮೇಲೆ ಪೆನ್ನು ಆಡಿಸಿ,” ಅಂದರು.

ವಿಭಾಗ ಉಳಿಯಿತು. ಅಂದು ಸಂಜೆ ಹೊಟ್ಟೆ ತುಂಬ ಉಂಡು ಬ್ಲಾಗು ತೆರೆದರೆ, ನನ್ನ ಬರಹದ ಕೆಳಗೆ ಮೊಟ್ಟಮೊದಲ ಅಭಿಪ್ರಾಯ, ಸಾಹೇಬರದೇ:

‘ಉಪಾಯ ಚೆನ್ನಾಗಿದೆ. ಎಲ್ಲಿ ಹಚ್ಚಬಾರದು ಎಂಬುದನ್ನೂ ದಯವಿಟ್ಟು ಇವತ್ತೇ ಬರೆಯಿರಿ. ಅಮ್ಮ ನಾಳೆಯೂ ಹಚ್ಚುತ್ತಾರಂತೆ.’