ರಾಯಚೂರಾಗ ಬಿಸಿಲು ಅದ ಅಂತ ಬರಕೊಡೋ ಕೆಲಸ

ನನ್ನ ಕೆಲಸ ಏನಂತ ಯಾರರೆ ಕೇಳಿದ್ರ, ಮೊದಲು ಒಂದು ಗ್ಲಾಸು ನೀರು ಕುಡಿದು ಆಮ್ಯಾಲೆ ಹೇಳ್ತೀನಿ. ರಾಯಚೂರು ಜಿಲ್ಲಾದಾಗ ಬಿಸಿಲು ಬೀಳ್ತದ ಅಂತ ಕಾಗದದ ಮ್ಯಾಲೆ ತೋರಸಬೇಕು. ನಗಬ್ಯಾಡ್ರಿ, ಇದಕ್ಕ ನನಗ ಪಗಾರ ಅದ. ಇಂಥಾ ಕೆಲಸ ಹಿಡದ ಮ್ಯಾಲೆ ದಿನಕ್ಕೊಂದು ತಮಾಷಿ ಆಗದಿದ್ರ ಹೆಂಗ? ಆಗ್ತಾವ. ನಗೋವಷ್ಟು ತ್ರಾಣ ಮಾತ್ರ ನನ್ನ ಹತ್ರ ಉಳಿದಿಲ್ಲ.

ಹಿಂಗ್ಯಾಕ ಅಂತ ಹೇಳಿಬಿಡ್ತೀನಿ. ಮಾನ್ವಿ ತಾಲ್ಲೂಕಿನ ಬಾಗಲವಾಡದಾಗ ಕುಡಿಯೋ ನೀರಿನ ಬೋರಿಗೆ ಸೋಲಾರ್ ಪಂಪ್ ಕೂಡಸಬೇಕಂತ ಮಾತಾಗ್ಯದ. ಈಗಿರೋ ಪಂಪಿಗೆ ಕರೆಂಟ್ ಬಂದಾಗಷ್ಟ ನೀರು. ಕರೆಂಟ್ ಯಾವಾಗ ಬರ್ತದ ಅನ್ನೋದು ಆ ಕರೆಂಟಿಗೂ ಗೊತ್ತಿಲ್ಲ. ಹೆಣ್ಮಕ್ಕಳು ಕೂಲಿ ಬಿಟ್ಟು, ಕೊಡ ಸಾಲಾಗಿಟ್ಟು, ದಾರಿ ನೋಡಿಕೋತ ಕುಂತಿರ್ತಾರ. ಪಂಪ್ ಕೊಡ್ತೀವಿ, ಆದ್ರ ಮೂರು ತಿಂಗಳು ಬಿಸಿಲು ಅಳದು ತೋರಸ್ರಿ ಅಂತ ಬೆಂಗಳೂರಿನ ಸಾಹೇಬ್ರು ಹೇಳ್ಯಾರ. ಹೋಲಿಸಿ ನೋಡಾಕ ರಾಯಚೂರಾಗೊಂದು, ದೇವದುರ್ಗ ತಾಲ್ಲೂಕಿನ ಗಬ್ಬೂರಾಗೊಂದು ಯಂತ್ರ. ಅಳತಿ ಕೆಟ್ಟರ ಫೈಲು ವಾಪಸ್, ಮುಂದಿನ ವರ್ಷ ನೋಡೋಣ.

ಸಾಹೇಬ್ರ ಮಾತಿನ್ಯಾಗೂ ಹುರುಳದ. ಮೈ ಸುಡೋದು ಬ್ಯಾರೆ, ಬೆಳಕಿನ ಬಲ ಬ್ಯಾರೆ. ಧೂಳು, ತೆಳು ಮೋಡ ಇದ್ದಾಗ ನಾವು ಬೆವತು ಬೇಯ್ತೀವಿ, ಪಂಪ್ ಮಾತ್ರ ತಿರುಗಂಗಿಲ್ಲ. ಯಂತ್ರಕ್ಕ ಇಂಗ್ಲಿಷಿನ್ಯಾಗ ಉದ್ದನ್ನ ಹೆಸರದ, ನಾವು ಬಿಸಿಲು ಮೀಟರ್ ಅಂತೀವಿ. ಒಂದು ಕರೇ ಬಿಲ್ಲಿ, ಅದರ ಮ್ಯಾಲೆ ಬೋರಲು ಹಾಕಿದ ಗಾಜಿನ ಬಟ್ಟಲು. ಬಿಸಿಲು ಎಷ್ಟು ಬಿತ್ತು ಅನ್ನೋದು ತಾನ ಆಫೀಸಿಗೆ ಮುಟ್ಟತದ. ಅದಕ್ಕ ಬೇಕಾಗಿದ್ದು ಒಂದ: ಮ್ಯಾಲೆ ನೆಳ್ಳು ಬೀಳಬಾರದು. ಈ ಒಂದು ಮಾತು ಹೇಳಿ ಹೇಳಿ ನನ್ನ ಅರ್ಧ ಕೂದಲ ಉದುರ್ಯಾವ.

೧. ಆಪಾನ ಶಾವಗಿ

ರಾಯಚೂರಾಗ ಮೀಟರ್ ಇಟ್ಟಿದ್ದು ಬಜಾರದಾಗ ಅಂಗಡಿ ಇರೋ ಒಬ್ಬರ ಮನಿ ಮಾಳಿಗಿ ಮ್ಯಾಲೆ. ಜಾಗ ಹುಡುಕಾಕ ನಾಕು ದಿನ ಹತ್ತಿತ್ತು. ನೀರಿನ ಟಾಕಿ ನೆಳ್ಳು ಎಲ್ಲಿ ಬೀಳ್ತದ, ಬಾಜೂ ಮನಿ ಗ್ವಾಡಿ ನೆಳ್ಳು ಎಲ್ಲೀತನಕ ಬರ್ತದ ಅಂತ ಸೀಮೆಸುಣ್ಣದಾಗ ಗೆರಿ ಹೊಡದು, ಕಡೀಕ ಒಂದು ಮೂಲಿ ಆರಿಸಿದೆ. ಮನಿ ಯಜಮಾನ್ತಿ ಆಪಾ ಚಾ ಕೊಡಕೋತ ಎಲ್ಲಾ ನೋಡಿದ್ರು.

"ಇಡೀ ಮಾಳಿಗಿ ಮ್ಯಾಲೆ ಮುಂಜಾನಿಂದ ಸಂಜೀತನಕ ನೆಳ್ಳು ಬೀಳಲಾರದ ಜಾಗ ಇದೊಂದ ನೋಡ್ರಿ ಆಪಾ" ಅಂದೆ. ಹೇಳಬಾರದಿತ್ತು.

ಎಂಟು ದಿನಕ್ಕ ಅಳತಿ ಧಪ್ಪಂತ ಬಿತ್ತು. ಓಡಿ ಹೋಗಿ ನೋಡ್ತೀನಿ, ಬಿಳೀ ಸೀರಿ ಹಾಸಿ, ಅದರ ತುಂಬ ಶಾವಗಿ ಹರವ್ಯಾರ. ಗಾಳಿಗೆ ಸೀರಿ ಹಾರಬಾರದಂತ ಅದರ ತುದಿ ನನ್ನ ಮೀಟರಿಗೆ ಸುತ್ತಿ ಗಂಟು ಹಾಕ್ಯಾರ.

"ಆಪಾ, ಇದೇನ್ರೀ ಮಾಡಿದ್ರಿ?"

"ಅರೇ ಭಾಯ್, ನಾ ಈ ಮನಿಗೆ ಬಂದು ಮೂವತ್ತು ವರ್ಷ ಆತು. ಹಬ್ಬದ ಶಾವಗಿ ಎಲ್ಲೆಲ್ಲೋ ಒಣಸ್ತಿದ್ದೆ. ಇಂಥಾ ಜಾಗ ಅದ ಅಂತ ನನಗೇ ಗೊತ್ತಿರಲಿಲ್ಲ. ಓದಿದವ್ರು ಓದಿದವ್ರ ನೋಡ್ರಿ!"

"ಮೀಟರಿಗೆ ಬಿಸಿಲು ಬೇಕ್ರಿ."

"ನಿಮ್ಮ ಮೀಟರ್ ಏನು ಬಿಸಿಲು ತಿಂತದ? ನಾವು ಶಾವಗಿ ತಿನ್ನೋವ್ರು. ಎರಡು ದಿನ ತಡೀರಿ."

ತಡದೆ. ವರದಿಯಾಗ 'ಮೋಡ' ಅಂತ ಬರದೆ. ಹಬ್ಬಕ್ಕ ಆಪಾ ಒಂದು ಡಬ್ಬಿ ಶಾವಗಿ ಕಳಿಸಿದ್ರು. ನನ್ನ ಹೆಂಡ್ತಿ ಪಾಯಸ ಮಾಡಿ, ಒಂದು ಚಮಚ ಬಾಯಾಗ ಇಟ್ಟಕೊಂಡು ಅಂದ್ಲು: "ನಮ್ಮ ಶಾವಗಿ ಯಾವಾಗೂ ಹಿಂಗ ಒಣಗಿಲ್ಲ. ಎಲ್ಲಿ ಒಣಸ್ಯಾರ, ಸ್ವಲ್ಪ ಕೇಳಕೊಂಡು ಬರ್ರಿ."

೨. ಗಬ್ಬೂರಿನ ಅಮಾಸಿ

ಗಬ್ಬೂರಿನ ಮೀಟರ್ ಒಂದು ಗೋದಾಮಿನ ಮಾಳಿಗಿ ಮ್ಯಾಲೆ ಅದ. ಅಲ್ಲಿ ವಾಚಮನ್ ಕಾಕಾ ಅಂತ ಒಬ್ಬ ಹಿರಿಯ. ದಿನಾ ಮುಂಜಾನಿ ಗಾಜು ಒರಸು ಅಂತ ಹೇಳಿದ್ದೆ. ನನ್ನ ಸರ್ವಿಸಿನ್ಯಾಗ ಹೇಳಿದ ಕೆಲಸ ಹೇಳಿದಂಗ ಮಾಡಿದವ ಈ ಕಾಕಾ ಒಬ್ಬನ. ಗಾಜು ಥಳಥಳ ಅಂತಿತ್ತು.

ಆದ್ರ ತಿಂಗಳಿಗೆ ಎರಡು ದಿನ ಅಳತಿ ನೆಲಾ ಹಿಡೀತಿತ್ತು. ಎರಡನೇ ಸಲ ಹಂಗಾದಾಗ ಬಸ್ ಹತ್ತಿ ಹೋದೆ. ಮಾಳಿಗಿ ಹತ್ತಿ ನೋಡಿದ್ರ, ಗಾಜಿನ ಬಟ್ಟಲಿಗೆ ಅಡ್ಡಕ ಮೂರು ಬಳ್ಳು ದಪ್ಪನ್ನ ವಿಭೂತಿ, ನಡುವ ಕುಂಕುಮ, ನೆತ್ತಿ ಮ್ಯಾಲೆ ಚೆಂಡುಹೂವು. ಮುಂದ ಒಡದ ಕಾಯಿ.

"ಕಾಕಾ, ಏನಿದು?"

"ನಿನ್ನಿ ಅಮಾಸಿ ಇತ್ತಲ್ರೀ. ಬೀಗಕ್ಕ ಮಾಡಿದೆ, ಸೈಕಲಿಗೆ ಮಾಡಿದೆ, ನಿಮ್ಮ ಮೀಟರಿಗೂ ಮಾಡಿದೆ. ಪೂಜಿ ಮಾಡಿದ್ದನ್ನ ಎರಡು ದಿನ ಒರಸಬಾರದು, ಅದಕ್ಕ ಬಿಟ್ಟೀನಿ."

"ಹಿಂಗ ಬಳದ್ರ ಮೀಟರಿಗೆ ಬಿಸಿಲು ಕಾಣಂಗಿಲ್ಲೋ ಕಾಕಾ."

"ನಿಮ್ಮ ಮೀಟರ್ ಇಲ್ಲೀತನಕ ಒಂದ ಸಲನರೆ ಕೆಟ್ಟದೇನ್ರಿ?"

"ಇಲ್ಲ."

"ಮತ್ತ!" ಅಂದ ಕಾಕಾ. ಕೈ ಮುಗದು, ನಾನ ಒರಸಿ ಇಳದು ಬಂದೆ.

ಅಷ್ಟೊತ್ತಿಗೆ ಬೆಂಗಳೂರಿಂದ ಸಾಹೇಬ್ರ ಫೋನು. "ಏನ್ರೀ ಇದು, ಗಬ್ಬೂರಲ್ಲಿ ತಿಂಗಳಿಗೆ ಎರಡು ದಿನ ಸೂರ್ಯ ಕಾಣ್ಸೋದೇ ಇಲ್ವಲ್ಲ?"

ಸಾಕಾಗಿತ್ತು. ಖರೇನ ಹೇಳಿಬಿಟ್ಟೆ. "ಅಮಾಸಿ ಸರ್."

ಸಾಹೇಬ್ರು ಭಾಳ ಮೆತ್ತಗ ಅಂದ್ರು: "ರೀ, ಅಮಾವಾಸ್ಯೆ ಆಗೋದು ಚಂದ್ರನಿಗೆ."

೩. ಅರ್ಜಿ

ಬಾಗಲವಾಡಕ್ಕ ಹೋಗೋವಾಗ ಮಾನ್ವಿ ಬಸ್ ಸ್ಟ್ಯಾಂಡಿನ ಹತ್ರ ಒಬ್ಬ ಟೇಲರನ ತಗಡಿನ ಅಂಗಡ್ಯಾಗ ಕುಂದರ್ತಿದ್ದೆ. ಹೊರಗ ಬಿಸಿಲು, ಒಳಗ ತಗಡಿನ ಝಳ. ರೊಟ್ಟಿ ಹಂಚಿನ ಮ್ಯಾಲೆ ಕುಂತಂಗ. ಒಂದಿನ ಅವ ಹೊಲಿಯೋ ಮಷೀನು ನಿಲ್ಲಿಸಿ ಕೇಳಿದ.

"ಸಾಹೇಬ್ರ, ನೀವು ಬಿಸಿಲು ಇಲಾಖಿಯವ್ರಂತಲ್ಲ?"

"ಹಂಗ ಇಲಾಖಿ ಇಲ್ಲಪ್ಪ."

"ಇರಲಿ ಬಿಡ್ರಿ. ಈ ವರ್ಷ ಭಾಳ ಬಿಡಾಕತ್ತೀರಿ ನೋಡ್ರಿ. ಸ್ವಲ್ಪ ಕಮ್ಮಿ ಮಾಡ್ರಿ."

ಮೂರು ತಾಸಿನಿಂದ ಬಸ್ ಇರಲಿಲ್ಲ. ತೆಲಿ ಸಿಡೀತಿತ್ತು. "ಬಾಯಿ ಮಾತಿಗೆ ಏನೂ ಆಗಂಗಿಲ್ಲೋ ಮಾರಾಯ, ಅರ್ಜಿ ಕೊಡು" ಅಂದೆ.

ಮರುದಿನ ಹೋದ್ರ ಅರ್ಜಿ ತಯಾರಿತ್ತು. 'ಮಾನ್ಯರೇ, ನಮ್ಮ ತಗಡಿನ ಅಂಗಡಿಗಳ ಮೇಲೆ ಬಿಸಿಲು ಮಿತಿಮೀರಿ ಬೀಳುತ್ತಿದ್ದು, ಸದರಿ ಬಿಸಿಲನ್ನು ಕಡಿಮೆ ಮಾಡಿಸಿಕೊಡಬೇಕಾಗಿ ವಿನಂತಿ.' ಕೆಳಗ ಸಾಲು ಅಂಗಡಿಯವ್ರ ಸಹಿ, ಒಬ್ಬಾಕಿದು ಹೆಬ್ಬೆಟ್ಟು. ಜೋಡಿ ಒಂದು ನಕಲು. "ಮುಟ್ಟಿತು ಅಂತ ಇದರ ಮ್ಯಾಲೆ ಒಂದು ಸಹಿ ಹಾಕ್ರಿ" ಅಂದ. ವಾದ ಮಾಡೋ ತ್ರಾಣ ಯಾರಿಗದ? ಹಾಕಿದೆ.

ಮೂರನೇ ದಿನ ಮಧ್ಯಾಹ್ನ ಎಲ್ಲಿತ್ತೋ ಏನೋ, ಕರೇ ಮೋಡ ಕವಿದು ಧೋ ಅಂತ ಮಳಿ. ಬಾಗಲವಾಡದ ಅಳತಿ ಕೆಟ್ಟತಲ್ಲಪ್ಪೋ ಅಂತ ನಾ ತೆಲಿ ಮ್ಯಾಲೆ ಕೈ ಹೊತ್ತು ಅವನ ಅಂಗಡ್ಯಾಗ ಕುಂತಿದ್ದೆ. ಅವ ಚಾ ತರಿಸಿದ. ಕಣ್ಣಾಗ ನೀರಿದ್ದವು.

"ಸಾಹೇಬ್ರ, ರೇಷನ್ ಕಾರ್ಡಿನ ಸಲುವಾಗಿ ಕೊಟ್ಟೀನಿ, ಮನಿ ಸಲುವಾಗಿ ಕೊಟ್ಟೀನಿ, ಗಟಾರದ ಸಲುವಾಗಿ ಕೊಟ್ಟೀನಿ. ಅರ್ಜಿ ಕೊಟ್ಟ ಮೂರು ದಿನಕ್ಕ ಕೆಲಸ ಮಾಡಿಕೊಟ್ಟ ಆಫೀಸು ಅಂದ್ರ ನಿಮ್ಮದೊಂದ ರೀ!"

೪. ಚಪ್ಪರ

ಕಡೀ ತಿಂಗಳಿನ್ಯಾಗ ಸಾಹೇಬ್ರ ಫೋನು ಮತ್ತ ಬಂತು. ಈ ಸಲ ಮೆತ್ತಗಿನ ದನಿ ಇರಲಿಲ್ಲ.

"ಬಾಗಲವಾಡದಲ್ಲಿ ಸೂರ್ಯ ಬೆಳಿಗ್ಗೆ ಬರ್ತಾನೆ, ಹತ್ತು ಗಂಟೆಗೆ ಹೋಗ್ತಾನೆ, ನಾಲ್ಕಕ್ಕೆ ಮತ್ತೆ ಬರ್ತಾನೆ. ನಡುವೆ ಊಟಕ್ಕೆ ಹೋಗ್ತಾನೇನ್ರಿ? ನಾಳೆ ನಾನೇ ಬರ್ತೀನಿ. ಸರಿ ಇಲ್ಲ ಅಂದ್ರೆ ಫೈಲ್ ವಾಪಸ್."

ಮರುದಿನ ಸುಡುಸುಡು ಮಧ್ಯಾಹ್ನ ಇಬ್ಬರೂ ಬಾಗಲವಾಡದಾಗ ಇಳದ್ವಿ. ಡ್ರೈವರ್ ಕಾರು ತಗೊಂಡು ದೂರದ ಬೇವಿನ ಗಿಡದ ನೆಳ್ಳಿಗೆ ಹೋದ. ತೆಲಿಗೆ ಟವೆಲ್ ಸುತ್ತಿಕೊಳ್ರಿ ಸರ್ ಅಂದ್ರ, "ನಾನೂ ಬಿಸಿಲು ನೋಡಿದೀನಿ ಕಣ್ರೀ" ಅಂದ್ರು.

ಬೋರಿನ ಹತ್ರ ಕೊಡದ ಸಾಲಿತ್ತು. ಅದರ ಬಾಜೂ ನಾ ಮೀಟರ್ ಇಟ್ಟ ಜಾಗದಾಗ ಚಂದನ್ನ ಒಂದು ಚಪ್ಪರ. ನಾಕು ಗಳ, ಮ್ಯಾಲೆ ಹತ್ತಿಕಟಗಿ, ಅದರ ಮ್ಯಾಲೆ ಭತ್ತದ ಹುಲ್ಲು. ಚಪ್ಪರದ ಕೆಳಗ ನನ್ನ ಮೀಟರ್ ತಣ್ಣಗ ಕುಂತಿತ್ತು.

"ಯಾರು ಹಾಕಿದ್ದು ಇದನ್ನ?" ಸಾಹೇಬ್ರು ಚೀರಿದ್ರು.

ಕೊಡದ ಸಾಲಿನ್ಯಾಗಿಂದ ಒಬ್ಬ ಮುದುಕಿ ಯವ್ವ ಹೆಮ್ಮಿಲೆ ಮುಂದ ಬಂದ್ಲು. "ನಾನ ರೀ. ಈ ಯಪ್ಪ ಹೇಳಿದ್ದ, ಮೀಟರ್ ಮೂರು ತಿಂಗಳು ಬಿಸಿಲಾಗ ನಿಂತು ಪಾಸಾದ್ರ ಪಂಪ್ ಬರ್ತದಂತ. ನಡುವ ಅದು ಸುಟ್ಟು ಸತ್ತರ ನಮ್ಮ ಪಂಪಿನ ಗತಿ ಏನು? ಅದಕ್ಕ ಬಿರುಬಿಸಿಲಿನ ಹೊತ್ತಿಗೆ ನೆಳ್ಳು ಮಾಡೀವಿ. ನಾವು ನಿಂದರ್ತೀವಿ ಬಿಸಿಲಾಗ, ನಮಗ ರೂಢಿ ಅದ."

ಸಾಹೇಬ್ರು ಅಲ್ಲೇ ಬಿಸಿಲಾಗ ನಿಂತು ಪಾಠ ಸುರು ಮಾಡಿದ್ರು. ಬೆಳಕು ಅಂದ್ರೇನು, ಗಾಜು ಯಾಕ, ಕಪ್ಪು ಬಣ್ಣ ಯಾಕ, ಎಲ್ಲಾ. ಕಡೀಕ ಅಂದ್ರು: "ಅಮ್ಮಾ, ಈ ನೆರಳಿಂದ ತಿಂಗಳ ಅಳತೆಯೆಲ್ಲಾ ಹಾಳಾಯ್ತು. ಈ ವರ್ಷ ನಿಮಗೆ ಪಂಪ್ ಇಲ್ಲ."

ಯವ್ವ ನನ್ನ ಕಡೆ ತಿರುಗಿದ್ಲು. "ಯಪ್ಪಾ, ನಾನ ಹಾಳು ಮಾಡಿದ್ನೇನೋ?"

ನನಗ ಆಕಿ ಮ್ಯಾಲೆ ಸಿಟ್ಟು ಬಂತು, ಅದಕ್ಕಿಂತ ಜಾಸ್ತಿ ಅಳು ಬಂತು. ಯವ್ವ ಸೆರಗು ಸಿಗಿಸಿ, ಹೋಗಿ ಚಪ್ಪರದ ಒಂದು ಗಳ ಹಿಡದು ಕೀಳಾಕ ಹತ್ತಿದ್ಲು.

ಗಳ ಅರ್ಧ ಕಿತ್ತಿರಲಿಲ್ಲ, ಸಾಹೇಬ್ರ ಪಾಠ ನಡುವ ನಿಂತಿತು. ಒಮ್ಮೆ ಎಡಕ್ಕ ವಾಲಿದ್ರು, ಒಮ್ಮೆ ಬಲಕ್ಕ ವಾಲಿದ್ರು. "ಏನ್ರೀ, ಎಲ್ಲಾ ಕತ್ತಲೆ..." ಅಂದವ್ರ ಮೊಣಕಾಲು ಮಡಚಿದ್ವು.

"ಹಿಡೀರೇ ಅವ್ವಾ!" ಅಂತ ಯವ್ವ ಗಳ ಬಿಟ್ಟು ಹಾರಿದ್ಲು. ನಾಕು ಮಂದಿ ಹೆಣ್ಮಕ್ಕಳು ಎತ್ತಿ ಚಪ್ಪರದ ಕೆಳಗ ಮೀಟರಿನ ಬಾಜೂಕ ಮಲಗಿಸಿದ್ರು. ಒಬ್ಬಾಕಿ ತೆಲಿಗೆ ಹಸಿ ಅರಿವಿ ಸುತ್ತಿದ್ಲು, ಒಬ್ಬಾಕಿ ಸೆರಗಿಲೆ ಗಾಳಿ ಬೀಸಿದ್ಲು, ಯವ್ವ ಓಡಿ ಹೋಗಿ ಉಪ್ಪು ಹಾಕಿದ ಮಜ್ಜಗಿ ತಂದು ಸ್ವಲ್ಪ ಸ್ವಲ್ಪ ಕುಡಿಸಿದ್ಲು. "ಪಾಪ, ಯಾರ ಹೆತ್ತ ಮಗನೋ, ಮೆತ್ತನ್ನ ಜೀವ" ಅಂತ ಲೊಚಗುಟ್ಟಿದ್ಲು.

ಅರ್ಧ ತಾಸಿನ ಮ್ಯಾಲೆ ಸಾಹೇಬ್ರು ಎದ್ದು ಕುಂತ್ರು. ಕಾರಿಗೆ ಹೋಗ್ತೀನಿ ಅಂತ ಒಂದು ಕಾಲು ನೆಳ್ಳಿಂದ ಹೊರಗಿಟ್ರು, ಗಪ್ಪನ ಒಳಗ ಎಳಕೊಂಡ್ರು. ಯವ್ವ ಬಿಡಲಿಲ್ಲ. "ಹೊತ್ತು ಇಳಿಯೋತನಕ ಇಲ್ಲೇ ಕುಂದ್ರಪ್ಪ. ಚಪ್ಪರ ಆಮ್ಯಾಲೆ ಕೀಳೋಣಂತ."

ಸಾಹೇಬ್ರು ಆಕಿ ಮುಖ ನೋಡಿದ್ರು, ಕೊಡದ ಸಾಲು ನೋಡಿದ್ರು, ತಮ್ಮ ಬಾಜೂಕ ಕುಂತ ಮೀಟರ್ ನೋಡಿದ್ರು. ಇನ್ನೊಂದು ಗ್ಲಾಸು ಮಜ್ಜಗಿ ಕುಡದು, "ಫೈಲ್ ಕೊಡ್ರಿ" ಅಂದ್ರು. ಕೊಟ್ಟೆ. ಮ್ಯಾಲಿಂದ ಕೆಳಗ ಬರಕೋತ ಹೋದ್ರು: 'ಸ್ಥಳಕ್ಕೆ ಖುದ್ದಾಗಿ ಭೇಟಿ ನೀಡಿ ಪರಿಶೀಲಿಸಲಾಗಿ, ಬಾಗಲವಾಡದಲ್ಲಿ ಪಂಪಿಗೆ ಬೇಕಾದುದಕ್ಕಿಂತ ಹೆಚ್ಚಿನ ಬಿಸಿಲು ಇರುವುದು ಮನವರಿಕೆಯಾಗಿದೆ. ಮಂಜೂರು ಮಾಡಬಹುದು.'

ಕೆಳಗ 'ಅಳತೆಗೆ ಬಳಸಿದ ಉಪಕರಣ' ಅಂತ ಒಂದು ಸಾಲು ಖಾಲಿ ಇತ್ತು. ಸಾಹೇಬ್ರು ಅಲ್ಲಿ ಪೆನ್ನು ನಿಲ್ಲಿಸಿ, ತೆಲಿ ಮ್ಯಾಲಿನ ಹಸಿ ಅರಿವಿ ಒಮ್ಮೆ ಮುಟ್ಟಿ ನೋಡಿಕೊಂಡು, 'ಸ್ವತಃ' ಅಂತ ಬರದು ಸಹಿ ಹಾಕಿದ್ರು.