ಅತ್ತೆಯ ಬಿಳಿ, ಟಿವಿಯ ಬಿಳಿ

ಮನೆಗೆ ಅಳತೆಯ ಸಾಧನ ತರುವವರು ಅದರ ಬೆಲೆ, ಗ್ಯಾರಂಟಿ, ತಂತಿಯ ಉದ್ದ ಎಲ್ಲವನ್ನೂ ವಿಚಾರಿಸುತ್ತಾರೆ. ಅದು ಸರಿಯಾದ ಉತ್ತರ ಕೊಟ್ಟುಬಿಟ್ಟರೆ ಏನು ಮಾಡುವುದು ಎಂದು ಯಾರೂ ವಿಚಾರಿಸುವುದಿಲ್ಲ. ನಾನೂ ವಿಚಾರಿಸಲಿಲ್ಲ. ಇಪ್ಪತ್ತೆರಡು ವರ್ಷ ಬಾಗಲಕೋಟೆಯಿಂದ ಪತ್ರಿಕೆಗೆ ಸುದ್ದಿ ಬರೆದವನು, ಒಂದು ಅಂಕಿ ತಪ್ಪಾಗಿ ಅಚ್ಚಾದರೆ ಊಟ ಸೇರದವನು ನಾನು. ಅಂಥವನಿಗೆ ನಿಜ ಹೇಳುವ ಯಂತ್ರದಿಂದ ತೊಂದರೆಯಾದೀತೆಂದು ಯಾರು ಊಹಿಸಬೇಕು?

ನವನಗರದ ನಮ್ಮ ಮನೆಗೆ ದೊಡ್ಡ ಟಿವಿಯೂ ಐದು ಸ್ಪೀಕರೂ ಬಂದದ್ದು ನನ್ನ ಹಟದಿಂದ. ಸದ್ದನ್ನು ಹದಗೊಳಿಸಲು ಪುಟ್ಟ ಮೈಕೊಂದು ಜೊತೆಗೇ ಬಂದಿತ್ತು. ಅದನ್ನು ಸೋಫಾದ ನಡುವೆ ನಿಲ್ಲಿಸಿ ಎಲ್ಲರೂ ಉಸಿರು ಬಿಗಿಹಿಡಿದು ಕೂರಬೇಕು. ಸ್ಪೀಕರುಗಳು ಒಂದೊಂದಾಗಿ ಊಳಿಡುತ್ತವೆ, ಮೈಕು ಕೇಳಿಸಿಕೊಂಡು ಲೆಕ್ಕ ಹಾಕುತ್ತದೆ. ಮೂರನೆಯ ಊಳಿಗೆ ನಮ್ಮ ಕುಕ್ಕರ್ ಉತ್ತರ ಕೊಟ್ಟಿತು. ಅಂದಿನಿಂದ ಇಡೀ ಹೋಮ್ ಥಿಯೇಟರ್ ಅಡುಗೆಮನೆಯ ಕಡೆ ಮುಖ ಮಾಡಿ ವಿಶೇಷ ಗೌರವದಿಂದ ಮಾತಾಡುತ್ತದೆ. ಅದರ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ತಕರಾರು ಬಂದದ್ದು ಚಿತ್ರದ ಬಗ್ಗೆ, ಬಂದದ್ದು ಅತ್ತೆಯಿಂದ.

ಅತ್ತೆ ಶಾಂತವ್ವ ಇಳಕಲ್ಲಿನವರು. ಅಲ್ಲಿ ಅವರ ಮನೆಯಲ್ಲಿ ಸೀರೆಯ ಮಗ್ಗಗಳಿವೆ. ಕಾಲು ಉಳುಕಿಸಿಕೊಂಡು, ಸುಧಾರಿಸಿಕೊಳ್ಳಲು ನಮ್ಮಲ್ಲಿಗೆ ಬಂದಿದ್ದರು. ಬಂದರೂ ಕೆಲಸ ಬಿಟ್ಟಿರಲಿಲ್ಲ. ಸೆರಗಿನ ಕೆಂಪು ಎಂಥದಾಗಬೇಕು ಎಂದು ತೀರ್ಮಾನಿಸುವವರು ಇಂದಿಗೂ ಅವರೇ. ಬಣ್ಣ ಅದ್ದಿದ ನೂಲಿನ ಒಂದು ಲಡಿಯನ್ನು ಮಗ ಈರಣ್ಣ ಬಸ್ ಕಂಡಕ್ಟರನ ಕೈಗೆ ಕೊಟ್ಟು ಕಳಿಸುತ್ತಾನೆ. ಅವರು ಅದನ್ನು ಬೆಳಗಿನ ಬಿಸಿಲಿಗೆ ಹಿಡಿದು 'ಹೂಂ' ಅಂದರೆ ಮಾತ್ರ ಉಳಿದ ನೂಲು ಬಣ್ಣದ ಹಂಡೆಗೆ ಇಳಿಯುತ್ತದೆ. ಮಾಪಕವಿಲ್ಲ, ಮಾದರಿ ಪಟ್ಟಿಯಿಲ್ಲ. ಆ 'ಹೂಂ' ಮೇಲೆಯೇ ಅಷ್ಟೂ ಮಗ್ಗಗಳು ನಡೆದುಕೊಂಡು ಬಂದಿವೆ.

"ಈ ಟಿವಿಗೆ ಅರಿಷಿಣ ಬಡದೈತ್ರೀ ಅಳಿಯಾರ," ಎಂದು ಅತ್ತೆ ಬಂದ ದಿನವೇ ಅಂದರು. "ಬಿಳೀದು ಬಿಳಿ ಕಾಣವಲ್ದು."

ನಾನು ರಿಮೋಟ್ ಹಿಡಿದು ನೀಲಿಯನ್ನು ಏರಿಸುತ್ತ ಹೋದೆ, ಅವರು "ಇನ್ನೊಂದೀಟು" ಅನ್ನುತ್ತ ಹೋದರು. ಅವರಿಗೆ ಸಮಾಧಾನವಾಗುವ ಹೊತ್ತಿಗೆ ಹೆಂಡತಿ ಗಿರಿಜಾ ಒಳಗಿನಿಂದ ಬಂದು ಪರದೆ ನೋಡಿ ಗಾಬರಿಯಾದಳು. "ಸುದ್ದಿ ಓದಾಕಿಗೆ ಏನಾಗೇತ್ರೀ? ಥಂಡಿ ಹತ್ತಿ ಸೆಟದಂಗ ಕಾಣ್ತಾಳಲ್ಲ! ಒಂದು ಕಂಬಳಿ ಆದ್ರೂ ಹೊಚ್ಚರಿ."

ಕೊನೆಗೆ ದಾರಿ ತೋರಿಸಿದವರು ಅತ್ತೆಯೇ. "ನನ್ನ ಕಣ್ಣೂ ಬ್ಯಾಡ, ನಿಮ್ಮ ಕಣ್ಣೂ ಬ್ಯಾಡ. ಅಳತಿ ಮಾಡೂ ಮಿಷನ್ ಇರ್ತೈತಲ್ಲ, ಅದನ್ನ ತರ್ರಿ."

ಒಂದು ವಾರವನ್ನು ನಾನು ಸಾಧನ ಆರಿಸುವುದರಲ್ಲೇ ಕಳೆದೆ. ಫೋನಿನ ಆ್ಯಪ್ ಪುಕ್ಕಟೆ ಸಿಕ್ಕಿತು. ಆದರೆ ಅದು ಒಂದೇ ಪರದೆಗೆ ಬೆಳಿಗ್ಗೆ ಒಂದು ಬಣ್ಣ, ಸಂಜೆ ಇನ್ನೊಂದು ಬಣ್ಣ ಹೇಳಿತು. ಇಂಥ ಸಾಕ್ಷಿದಾರರು ನನ್ನ ವೃತ್ತಿಯಲ್ಲಿ ಬೇಕಾದಷ್ಟು ಸಿಕ್ಕಿದ್ದಾರೆ. ಅಂತರ್ಜಾಲದ ಪರೀಕ್ಷಾ ಚಿತ್ರಗಳು ಚೆನ್ನಾಗಿದ್ದವು. ಆದರೆ ಅವನ್ನು ನೋಡಿ ತೀರ್ಪು ಕೊಡಬೇಕಾದದ್ದು ಮತ್ತೆ ಕಣ್ಣೇ. ಉಳಿದದ್ದು ಪರದೆಗೆ ಜೋತುಬೀಳುವ ನಿಜವಾದ ಮಾಪಕ. ಮದುವೆ ಆಲ್ಬಮ್ ಮಾಡುವ ಗೆಳೆಯ ವೀರೇಶನ ಸ್ಟುಡಿಯೋದಲ್ಲಿ ಅದಿತ್ತು. "ಇದಕ್ಕ ಮಾರಿ ನೋಡಿ ಮಾತಾಡಾಕ ಬರೂದಿಲ್ಲ ನೋಡಲೇ," ಎಂದು ಎಚ್ಚರಿಸಿಯೇ ಕೊಟ್ಟ. "ಬಿಳಿ ಅಂದ್ರ ಆರೂವರಿ ಸಾವಿರ. ಕಡಿಮಿ ಬಂದ್ರ ಹಳದಿ, ಹೆಚ್ಚಾದ್ರ ನೀಲಿ. ಅಷ್ಟ ತಿಳ್ಕೋ."

ಭಾನುವಾರ ಬೆಳಿಗ್ಗೆ ಮಾಪಕ ಹಿಡಿದು ಮನೆಗೆ ಬಂದರೆ ಗಿರಿಜಾ ಗೇಟಿನಲ್ಲೇ ತಡೆದಳು. ಈರಣ್ಣ ಫೋನ್ ಮಾಡಿದ್ದನಂತೆ. "ಅವ್ವ ಎರಡು ಸಲ ಕೆಂಪು ವಾಪಸ್ ಕಳಿಸ್ಯಾಳ. ಕಂದು ಹೊಡದೈತಿ ಅಂತಾಳಂತ. ಮೊದಲ ಹ್ಯಾಂಗಿತ್ತೋ ಹಂಗ ಐತಿ ಅಂತಾನ ಅಣ್ಣ. ಮಗ್ಗ ನಿಂತಾವು. ಆಕೀಗೆ ಹೇಳಾಕ ಯಾರಿಗೂ ಧೈರ್ಯ ಇಲ್ಲ." ಆಮೇಲೆ ನನ್ನ ಕೈಯಲ್ಲಿದ್ದ ಡಬ್ಬಿ ನೋಡಿದಳು. "ಟಿವಿ ಬರೋಬ್ಬರಿ ಐತಿ ಅಂತ ಇದು ಹೇಳಿಬಿಟ್ರ, ಅವ್ವನ ಕಣ್ಣ ಹೋತು ಅಂತ ಹೇಳಿದಂಗ ಅಲ್ಲೇನ್ರೀ? ಕಣ್ಣ ಹೋದ ಮ್ಯಾಲೆ ಆಕೀ ಹತ್ರ ಉಳಿಯೂದರ ಏನು?"

ಒಳಗೆ ಅತ್ತೆ ಆಗಲೇ ಮಂಚದ ಮೇಲೆ ನೆಟ್ಟಗೆ ಕೂತಿದ್ದರು, ತೊಡೆಯ ಮೇಲೆ ಮೂರನೆಯ ಲಡಿ. ನಾನು ಏರಿಸಿದ್ದ ನೀಲಿಯನ್ನೆಲ್ಲ ಇಳಿಸಿ, ಅವರು ಅರಿಷಿಣ ಎಂದಿದ್ದ ಸ್ಥಿತಿಗೇ ಟಿವಿಯನ್ನು ತಂದು, ಪರದೆಯ ತುಂಬ ಬಿಳಿ ಬರಿಸಿ ಮಾಪಕವನ್ನು ತೂಗುಹಾಕಿದೆ. ಗಿರಿಜಾ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಲ್ಯಾಪ್‌ಟಾಪಿನಲ್ಲಿ ಅಂಕಿ ಹಿಂದೆ ಮುಂದೆ ಓಲಾಡಿ ನಿಂತಿತು: ಆರು ಸಾವಿರದ ನಾನೂರ ಎಂಬತ್ತು. ಟಿವಿಯ ತಪ್ಪು ಏನೂ ಇರಲಿಲ್ಲ.

"ಎಷ್ಟಂತ್ರೀ?" ಎಂದರು ಅತ್ತೆ.

"ಐದು ಸಾವಿರದ ಮುನ್ನೂರು," ಎಂದೆ. ಗೊತ್ತಿದ್ದೂ ನಾನು ಹೇಳಿದ ಮೊದಲ ತಪ್ಪು ಅಂಕಿ ಅದು. "ಹಳದಿನ ಐತ್ರೀ ಅತ್ತಿ. ನೀವಂದದ್ದು ಖರೆ."

ಅತ್ತೆ ನೀರು ತರಿಸಿಕೊಂಡು ಕುಡಿದರು. ಕಾಲಿಗೆ ಹಚ್ಚುವ ಎಣ್ಣೆ ಮುಗಿದದ್ದನ್ನು ಮಗಳಿಗೆ ನೆನಪಿಸಿದರು. ಆಮೇಲೆ ಲಡಿಯನ್ನು ಮಡಿಚುತ್ತ, ನನ್ನ ಕಡೆ ನೋಡದೆ ಕೇಳಿದರು: "ಎಷ್ಟಂದ್ರೀ ಆಗ?"

"ಐದು ಸಾವಿರದ... ಏಳುನೂರು."

ಒಂದೇ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳುವ ಈ ಉಪಾಯವನ್ನು ನಾನು ಎಷ್ಟೋ ಅಧಿಕಾರಿಗಳ ಮೇಲೆ ಪ್ರಯೋಗಿಸಿದ್ದೇನೆ. ನನ್ನ ಮೇಲೆ ಯಾರೂ ಪ್ರಯೋಗಿಸಿರಲಿಲ್ಲ.

"ಪೇಪರಿನ್ಯಾಗ ಇದ್ದು ಒಂದು ಸುಳ್ಳ ನೆಟ್ಟಗ ಹೇಳಾಕ ಬರೂದಿಲ್ಲಲ್ರೀ ನಿಮಗ," ಎಂದು ಅತ್ತೆ ನಕ್ಕರು. ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಲಡಿಯನ್ನು ಮಗಳ ಕಡೆ ಚಾಚಿದರು. "ಹ್ಯಾಂಗೈತಿ ನೀ ನೋಡಿ ಹೇಳವಾ. ನೀನೂ ಬಣ್ಣದ ಮನ್ಯಾಗ ಹುಟ್ಟೀದಿ."

ಗಿರಿಜಾ ಅಂಗಳಕ್ಕೆ ಹೋಗಿ ಬಿಸಿಲಿಗೆ ಹಿಡಿದಳು. ತುಸು ಹೆಚ್ಚೇ ಹೊತ್ತು ಹಿಡಿದಳು. ಒಳಗೆ ಬಂದು ಸಣ್ಣ ದನಿಯಲ್ಲಿ "ಹೂಂ ಅವ್ವಾ" ಅಂದಳು.

"ಹಂಗಾರ ಈರಣ್ಣಗ ಫೋನ್ ಹಚ್ಚು, ನೂಲು ಇಳಸು ಅನ್ನು. ಅಳಿಯಾರ, ಕಣ್ಣಿನ ದವಾಖಾನಿ ನಾಳೆ ತೆಗದಿರ್ತೈತೇನು?"

ಪೊರೆ ಬಂದಿದೆ, ತೆಗೆದರೆ ಬಣ್ಣ ಮರಳುತ್ತದೆ ಎಂದರು ಡಾಕ್ಟರು. ತೆಗೆಸಿದೆವು. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವರೇ ಅತ್ತೆ ಟಿವಿ ಹಚ್ಚಿಸಿದರು. ನಾನು ಅದೇ ಬಿಳಿ ಪರದೆ ತಂದು, ಫಲಿತಾಂಶಕ್ಕೆ ಕಾಯುವ ಅಭ್ಯರ್ಥಿಯಂತೆ ಪಕ್ಕದಲ್ಲಿ ನಿಂತೆ. "ಟಿವಿ ಬರೋಬ್ಬರಿ ಐತಿ ಬಿಡ್ರಿ," ಎಂದರು. ನಂತರ ನನ್ನತ್ತ ತಿರುಗಿ ಕೊರಳಪಟ್ಟಿಯಿಂದ ಕೊನೆಯ ಗುಂಡಿಯವರೆಗೆ ಸಾವಕಾಶ ನೋಡಿ ಮಗಳನ್ನು ಕರೆದರು.

"ಗಿರಿಜಾ, ಇವರು ಈ ಅಂಗೀನ ಬಿಳಿ ಅಂತ ತಿಳ್ಕೊಂಡ ದಿನಾ ಆಫೀಸಿಗೆ ಹೋಗ್ತಾರೇನವಾ?"

ಗಿರಿಜಾ ಸರಸರನೆ ಒಳಗೆ ಹೋದಳು. ನಾನು ಮಾಪಕವನ್ನು ಆ ಕ್ಷಣವೇ ವೀರೇಶನಿಗೆ ಹಿಂದಿರುಗಿಸಿ ಬಂದೆ, ನೀಲಿ ಅಂಗಿ ಹಾಕಿಕೊಂಡು.