ಎದುರುಮನೆಯವನ ಪ್ಲಾಸ್ಟಿಕ್ ಸ್ಟೇಷನ್ನು

ಬೇಡ ಬೇಡ ಅಂದರೂ ಇಂಥವೆಲ್ಲ ನನ್ನ ಕಣ್ಣಿಗೇ ಬೀಳುತ್ತವೆ. ಚಿಕ್ಕಬಳ್ಳಾಪುರದ ಈ ಬೀದಿಯಲ್ಲಿ ಬಾಗಿಲಲ್ಲಿ ಕೂತು ಕೂತು ಸೊಂಟ ಹೋಯಿತು, ಇಲ್ಲಿ ನಡೆಯುವ ಸಂಗತಿಗಳು ಮಾತ್ರ ನಿಲ್ಲಲಿಲ್ಲ. ಸದ್ಯ ಒಂದು ಮುಗಿಯಿತು, ಒಳಗೆ ಹೋಗಿ ಕಾಲು ಚಾಚೋಣ ಅನ್ನುವಷ್ಟರಲ್ಲಿ ಎದುರುಮನೆಯಲ್ಲಿ ಇನ್ನೊಂದು ಶುರು.

ಎದುರುಮನೆಯವನು ರೈಲ್ವೆಯಿಂದ ರಿಟೈರಾದವನು. ಗೌರಿಬಿದನೂರು ಕಡೆಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ಪೋರ್ಟರು. ಗಂಟೆ ಹೊಡೆಯುವುದರಿಂದ ಕಸ ಗುಡಿಸುವ ತನಕ ಎಲ್ಲ ಇವನೇ. ಮೇಲೊಬ್ಬರು ಸ್ಟೇಷನ್ ಮಾಸ್ಟ್ರು. ಹದಿನೆಂಟು ವರ್ಷ ಅವರ ಕೈಕೆಳಗಿದ್ದರೂ ‘ಪರವಾಗಿಲ್ಲ ಕಣಯ್ಯ’ ಅಂತ ಒಂದು ಮಾತು ಕೇಳಲಿಲ್ಲ, ಬೈಸಿಕೊಂಡದ್ದೇ ಬೈಸಿಕೊಂಡದ್ದು. ಈಗ ಆ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟಿದ್ದಾರೆ. ಮಾಸ್ಟ್ರು ಶಿಡ್ಲಘಟ್ಟದಲ್ಲಿದ್ದಾರೆ, ಎಂಬತ್ತು ದಾಟಿದೆ. ಇವನಿಗೆ ಒಂದೇ ಹಟ. ಆ ಸ್ಟೇಷನ್ನನ್ನು ಆಟದ ಸಾಮಾನಿನಷ್ಟು ಚಿಕ್ಕದಾಗಿ ಪ್ಲಾಸ್ಟಿಕ್ಕಿನಲ್ಲಿ ಜೋಡಿಸಿ ಮಾಸ್ಟ್ರ ಮುಂದಿಡಬೇಕು, ಅವರು ಕಣ್ಣು ಮುಚ್ಚುವುದರೊಳಗೆ ಅವರ ಬಾಯಲ್ಲಿ ‘ಹೌದಯ್ಯ, ಇದು ನಮ್ಮ ಸ್ಟೇಷನ್ನೇ’ ಅನ್ನಿಸಬೇಕು. ಕಟ್ಟಿಕೊಂಡ ಹೆಂಡತಿಯ ಬಾಯಲ್ಲೇ ಒಂದು ಒಳ್ಳೇ ಮಾತು ಹೊರಡಿಸಲಾಗದವನು ಮಾಸ್ಟ್ರ ಬಾಯಿಗೆ ಕೈಹಾಕಿದ.

ನೀರಿನ ಟ್ಯಾಂಕು

ಕೊರಿಯರಿನಲ್ಲಿ ಡಬ್ಬ ಬಂತು. ಒಳಗೆ ಬಿಡಿಬಿಡಿ ಗೋಡೆ, ಬಿಡಿಬಿಡಿ ಕಿಟಕಿ. ಡಬ್ಬದ ಮೇಲಿನ ಚಿತ್ರ ನೋಡಿದರೆ ಹಿಮ ಬೀಳುವ ದೇಶದ ಸ್ಟೇಷನ್ನು! ಕಿಟಕಿಗೆಲ್ಲ ಹೂವಿನ ಕುಂಡ, ಸೂರಿನ ಮೇಲೆ ಚಳಿಗೆ ಬೆಂಕಿ ಹಾಕುವವರ ಮನೆಗಿರುವಂಥ ಹೊಗೆಗೂಡು.

“ಇದನ್ನ ಎಲ್ಲಿ ನೋಡಿದ್ದೀಯಪ್ಪ ಗೌರಿಬಿದನೂರಲ್ಲಿ?” ಅಂದೆ.

“ಇಂಥದ್ದೇ ಸಿಗೋದು ಅಕ್ಕ. ನಾವೇ ತಿದ್ದಿಕೋಬೇಕು.”

ಒಂದು ವಾರ ಉಪ್ಪುಕಾಗದ ಹಾಕಿ ಉಜ್ಜಿದ. ಹೂವಿನ ಕುಂಡಗಳನ್ನು ಉಗುರು ಕತ್ತರಿಸುವುದರಲ್ಲಿ ಕಿತ್ತ. ಬ್ಲೇಡಿನಿಂದ ಹೊಗೆಗೂಡು ಕೊಯ್ದ. ಕೊಯ್ದ ಜಾಗದಲ್ಲಿ ತೂತು ಬಿತ್ತು. ಅದನ್ನು ಮುಚ್ಚಲು ಹೆಂಡತಿಯ ಟಾನಿಕ್ ಬಾಟಲಿಯ ಮುಚ್ಚಳ ತೆಗೆದು, ಕಪ್ಪು ಬಣ್ಣ ಬಳಿದು, ಅಂಟಿಸಿ, “ನೀರಿನ ಟ್ಯಾಂಕು” ಅಂದ. ಅತ್ತ ಬೀರುವಿನಲ್ಲಿ ಮುಚ್ಚಳವಿಲ್ಲದ ಟಾನಿಕ್ಕು ಉರುಳಿ ಅವಳ ರೇಷ್ಮೆ ಸೀರೆಗೆ ಅಭಿಷೇಕವಾಯಿತು. ಅವಳ ಕೂಗು ಕೇಳಿ ನಾನು ಹೋದೆ, ಇನ್ನೇನು ಮಾಡಲಿ, ಹೋಗಲೇಬೇಕಲ್ಲ.

“ನೀವೇ ಹೇಳಿ ಅಕ್ಕ, ಟ್ಯಾಂಕು ನಿಜವಾದ್ದರ ಹಂಗಿಲ್ಲವಾ?” ಅಂತ ಅವನು ನನ್ನನ್ನೇ ಕೇಳಿದ.

“ನೀರು ಬರುತ್ತೇನಪ್ಪ ಅದಕ್ಕೆ?”

“ಎಲ್ಲಿಂದ ಬರಬೇಕು?”

“ಹಂಗಾದರೆ ಸರಿ. ನಮ್ಮೂರದ್ದೇ.”

ಕಾಡಿಗೆ

ಜೋಡಿಸಿದ ಮೇಲೆ ಅದು ಮದುವೆ ಹೆಣ್ಣಿನ ಮುಖದಂತೆ ಮಿರಮಿರ ಹೊಳೆಯತೊಡಗಿತು. ಹೊಳೆಯಬಾರದಂತೆ. ಹಳತಾಗಿ ಕಾಣಬೇಕಂತೆ. ಚಿಂತಾಮಣಿಯ ನಾದಿನಿಯ ಮನೆಗೆ ಹೋದವನು ಅವಳು ಕಟ್ಟಿಕೊಟ್ಟ ಚಕ್ಕುಲಿ ಬಿಟ್ಟು ಒಂದು ಪೊಟ್ಟಣ ಕೆಮ್ಮಣ್ಣು ತಂದ. ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಮುಂದಿನದು.

ಹಿಂದಿನ ಬೀದಿಯಲ್ಲಿ ಒಬ್ಬ ಟೈಲರಮ್ಮ ಇದ್ದಾಳೆ, ಒಂಟಿ ಹೆಂಗಸು, ಅವಳ ಹಿತ್ತಿಲು ನಮ್ಮ ಹಿತ್ತಿಲಿಗೆ ಕಾಣುತ್ತದೆ. ಇವನು ನಾಲ್ಕು ದಿನ ಸತತವಾಗಿ, ಬೆಳಗ್ಗೆ ಹಾಲು ಬರುವ ಹೊತ್ತಿಗೆ, ಅವಳ ಹಿತ್ತಿಲ ಬಾಗಿಲಿಂದ ಹೊರಗೆ ಬಂದ. ಏನೋ ಟವಲಿನಲ್ಲಿ ಮುಚ್ಚಿಕೊಂಡು, ಅತ್ತಿತ್ತ ನೋಡಿಕೊಂಡು. ನನಗೆ ಹೇಳುವ ಮನಸ್ಸಿರಲಿಲ್ಲ. ಸೊಪ್ಪಿನವಳಿಗೆ ಮಾತ್ರ ಹೇಳಿದೆ. ಅವಳು ಬುಟ್ಟಿ ಎತ್ತಿಕೊಂಡು ಬೀದಿಯ ಕೊನೆ ಮುಟ್ಟುವುದರೊಳಗೆ ಎಲ್ಲರ ಮನೆಯಲ್ಲೂ ಸೊಪ್ಪಿನ ಜೊತೆ ಅದೂ ಬೇಯುತ್ತಿತ್ತು.

ಐದನೇ ದಿನ ಹೆಂಡತಿ ಅವನ ಅಂಗಿ ಹಿಡಿದುಕೊಂಡು ಬಂದಳು. ಹೆಗಲ ಮೇಲೆ ಕಪ್ಪು ಕಲೆ.

“ಅಕ್ಕ, ಇದೇನು ನೋಡಿ.”

ನೋಡಿದೆ. ಮೂಸಿದೆ. “ಕಾಡಿಗೆ ಕಣೇ,” ಅಂದೆ. ಸುಳ್ಳು ಹೇಳಿ ನನಗೇನಾಗಬೇಕು?

ಇಬ್ಬರೂ ಹೋದೆವು. ಮಂಡಿನೋವಿದ್ದರೂ ನಾನೇ ಮುಂದೆ. ಹಿತ್ತಿಲಿಗೆ ನುಗ್ಗಿದರೆ ಅವನು ಬಚ್ಚಲ ಒಲೆಯೊಳಗೆ ತಲೆ ತೂರಿಸಿಕೊಂಡು, ಹಂಡೆಯ ತಳಕ್ಕೆ ಹತ್ತಿದ ಮಸಿಯನ್ನು ಚಮಚದಲ್ಲಿ ಕೆರೆದು ಡಬ್ಬಿಗೆ ತುಂಬುತ್ತಿದ್ದಾನೆ. ಅವಳ ಮನೆಯೊಂದರಲ್ಲೇ ಈಗಲೂ ಸೌದೆ ಒಲೆಯಂತೆ. ಆ ಮಸಿಯನ್ನು ಬ್ರಷ್ಷಿನಲ್ಲಿ ಗೋಡೆಗೆ ಸವರಿದರೆ ಸ್ಟೇಷನ್ನಿಗೆ ಐವತ್ತು ವರ್ಷ ಆದಂತೆ ಕಾಣುತ್ತದಂತೆ.

ಟೈಲರಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. “ಏಮಮ್ಮಾ, ಇವರನ್ನ ಮೊದಲು ಕರ್ಕೊಂಡು ಹೋಗಿ. ಐದು ದಿನದಿಂದ ನನಗೆ ಸ್ನಾನಕ್ಕೆ ಬಿಸಿನೀರಿಲ್ಲ!”

ದಾರಿಯುದ್ದಕ್ಕೂ ಹೆಂಡತಿ ಅತ್ತಳು. “ಸುಮ್ಮನಿರೇ, ಏನೂ ಇಲ್ಲವಲ್ಲ,” ಅಂದೆ. “ಅದಕ್ಕೇ ಅಕ್ಕ ಅಳೋದು,” ಅಂದಳು. “ಬೇರೆ ಏನಾದರೂ ಆಗಿದ್ದರೆ ತವರುಮನೇಲಿ ಹೇಳ್ಕೊಂಡಾದರೂ ಅಳ್ತಿದ್ದೆ. ಮಸಿಗೋಸ್ಕರ ಹೋಗ್ತಾರೆ ಅಂತ ಯಾರ ಹತ್ತಿರ ಹೇಳಲಿ?”

ಎಲೆಅಡಿಕೆ

ಆಮೇಲೆ ಒಂದು ದಿನ ಸ್ಟೇಷನ್ನನ್ನೇ ತಟ್ಟೆಯಲ್ಲಿಟ್ಟುಕೊಂಡು ನಮ್ಮ ಮನೆಗೆ ಬಂದ. ಕೈಯಲ್ಲಿ ಒಂದು ಪೊರಕೆ ಕಡ್ಡಿ.

“ಅಕ್ಕ, ಬಾಯಲ್ಲಿ ಎಲೆಅಡಿಕೆ ಇದೆಯಾ?”

“ಇದೆ. ಯಾಕೆ?”

“ಇನ್ನೂ ಚೆನ್ನಾಗಿ ಅಗಿಯಿರಿ. ಕೆಂಪು ಬರಲಿ. ಟಿಕೆಟ್ ಕೊಡೋ ಕಿಟಕಿ ಪಕ್ಕದ ಮೂಲೆಗೆ ಬೇಕು.”

ನಾನು ಕಟ್ಟೆ ಮೇಲೆ ಒಂದು ಸಲ ಉಗುಳಿದ್ದಕ್ಕೆ ಬೀದಿಯವರನ್ನೆಲ್ಲ ಕರೆದು ತೋರಿಸಿದವನು ಇವನೇ! ನೇರವಾಗಿ ಸ್ಟೇಷನ್ನಿನ ಗೋಡೆಗೇ ಗುರಿಯಿಟ್ಟೆ. ಅವನು ಗಾಬರಿಯಿಂದ ತಟ್ಟೆ ಎಳೆದುಕೊಂಡ. “ಅಯ್ಯೋ ಬೇಡಿ, ಈ ಸೈಜಿಗೆ ನಿಮ್ಮದು ಪ್ರವಾಹ ಆಗುತ್ತೆ!” ನನ್ನ ಉಗುಳುಬಟ್ಟಲಲ್ಲಿ ಕಡ್ಡಿಯ ತುದಿ ಅದ್ದಿಕೊಂಡು ಮೂರು ಚುಕ್ಕೆ ಇಟ್ಟ.

“ಬೀದಿಯಲ್ಲಿ ಉಗುಳಿದರೆ ಮಾನ ಕಳೀತೀಯ, ಇಲ್ಲಿ ಮನೆಗೇ ಬಂದು ಕೇಳ್ತೀಯಲ್ಲೋ?”

“ಅದು ಬೀದಿ ಅಕ್ಕ,” ಅಂದ, ತಲೆಯೆತ್ತದೆ. “ಇದು ಸ್ಟೇಷನ್ನು.”

ಸೀಗೆಪುಡಿ

ಆರು ತಿಂಗಳಾಯಿತು. ಗೋಡೆಗೆ ಮಸಿ, ಮೆಟ್ಟಿಲಿಗೆ ಕೆಮ್ಮಣ್ಣು, ಹೆಂಚಿಗೆ ಪಾಚಿಯ ಬಣ್ಣ. ನಿಜ ಹೇಳಬೇಕೆಂದರೆ ಗಲೀಜಿನಲ್ಲಿ ಕುಂದಿಲ್ಲ. ಮಾಸ್ಟ್ರಿಗೆ ಫೋನು ಮಾಡಿ, ಒಂದು ಶುಕ್ರವಾರ ಬರುತ್ತೇವೆ ಅಂದ. ನಾನೂ ಹೊರಟೆ. ಹೋಗದಿದ್ದರೆ ಗಂಡ ಹೆಂಡತಿ ಇಬ್ಬರೂ ಬಂದು ಎರಡು ಥರ ಹೇಳುತ್ತಾರೆ, ಅದನ್ನು ಸರಿಮಾಡುವ ಕಷ್ಟ ಮತ್ತೆ ನನಗೇ.

ಬಸ್ಸಿನಲ್ಲಿ ಡಬ್ಬವನ್ನು ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡ. ಹೆಂಡತಿ ಮಾತ್ರ ತನ್ನಷ್ಟಕ್ಕೆ ನಗುತ್ತಿದ್ದಳು. ಆಗಲೇ ನನಗೆ ಅನುಮಾನ ಬಂತು.

ಶಿಡ್ಲಘಟ್ಟದಲ್ಲಿ ಮಾಸ್ಟ್ರ ಮನೆಯ ಹಜಾರ. ಅವರು ಒಳಗಿಂದ ಬರುವ ಮೊದಲು ಇವನು ಡಬ್ಬ ಬಿಚ್ಚಿದ. ಬಿಚ್ಚಿದವನ ಮುಖ ಬಿಳುಚಿಕೊಂಡಿತು. ಸ್ಟೇಷನ್ನು ಫಳಫಳ! ಮಸಿಯಿಲ್ಲ, ಮಣ್ಣಿಲ್ಲ, ನನ್ನ ಎಲೆಅಡಿಕೆಯೂ ಇಲ್ಲ. ಹೊಸ್ತಿಲಿಗೆ ಅರಿಸಿನ ಕುಂಕುಮ, ಮುಂದೆ ಸಾಸಿವೆಯಷ್ಟು ಚುಕ್ಕೆಗಳ ರಂಗೋಲಿ, ಬಾಗಿಲಿಗೆ ಬೇವಿನೆಲೆ ಹರಿದು ಕಟ್ಟಿದ ತೋರಣ.

“ಏನೇ ಇದು?” ಅಂದ.

“ಶುಕ್ರವಾರ, ದೊಡ್ಡವರ ಮನೆ. ಅಂಥಾ ಕೊಳಕು ವಸ್ತು ತಗೊಂಡು ಹೋಗ್ತಾರೇನ್ರೀ? ನೀವು ಕ್ಷೌರಕ್ಕೆ ಹೋದಾಗ ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಮತ್ತೆ ಡಬ್ಬಕ್ಕೆ ಹಾಕಿ ಕಟ್ಟಿಟ್ಟೆ. ಎಷ್ಟು ನೊರೆ ಅಂತೀರ!”

ಅವನು ಮುಚ್ಚಿಬಿಡಲು ಹೋದ. ಅಷ್ಟರಲ್ಲಿ ಮಾಸ್ಟ್ರು ಬಂದರು. ಮನೆಯ ಅಂಗಿ, ಗುಂಡಿಯೆಲ್ಲ ಬಿಚ್ಚಿದೆ. ಕನ್ನಡಕ ಏರಿಸಿ ಬಗ್ಗಿದರು. ಇವನು ಬೈಗುಳಕ್ಕೆ ತಯಾರಾಗಿ ಕೈಕಟ್ಟಿ ನಿಂತ, ಹದಿನೆಂಟು ವರ್ಷದ ಅಭ್ಯಾಸ. ಮಾಸ್ಟ್ರ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಒಂದು ಗುಂಡಿ ಹಾಕಿಕೊಂಡರು. ಇನ್ನೊಂದು. ತಲೆಗೂದಲು ಸವರಿಕೊಂಡು ನೆಟ್ಟಗೆ ನಿಂತರು.

“ಸಾಹೇಬರು ಯಾವ ಗಾಡಿಗೆ ಬರ್ತಾರಯ್ಯಾ?”

ಆಮೇಲೆ ಅವರಿಗೇ ನಗು ಬಂತು. “ಇನ್‌ಸ್ಪೆಕ್ಷನ್ ದಿನ ಹೀಗೇ ಇರ್ತಿತ್ತು ಕಣಯ್ಯ, ಅಲ್ಲಿ ತೋರಣ, ಇಲ್ಲಿ ರಂಗೋಲಿ. ಎದೆ ಧಸಕ್ಕಂತು ನನಗೆ. ಹೌದು, ಇದು ನಮ್ಮ ಸ್ಟೇಷನ್ನೇ!”

ಎದುರುಮನೆಯವನ ಕಣ್ಣಲ್ಲಿ ನೀರು. “ಆರು ತಿಂಗಳು ಕಷ್ಟಪಟ್ಟೆ ಸಾರ್,” ಅಂದ.

ಮಾಸ್ಟ್ರು ಬೆರಳಿಂದ ಮೆಟ್ಟಿಲು ಸವರಿ, ಧೂಳಿದೆಯೇ ಅಂತ ನೋಡಿಕೊಂಡರು. “ಅದಿರಲಿ, ಇಷ್ಟು ಚೊಕ್ಕಟವಾಗಿ ತೊಳೆದದ್ದು ಯಾರು? ನೀನಂತೂ ಅಲ್ಲ.”

“ನಾನು ಸಾರ್,” ಅಂದಳು ಹೆಂಡತಿ, ಸೆರಗು ಸರಿಮಾಡಿಕೊಂಡು.

ಮಾಸ್ಟ್ರು ಅವಳನ್ನು ನೋಡಿದರು, ಅವನನ್ನು ನೋಡಿದರು, ನಿಟ್ಟುಸಿರು ಬಿಟ್ಟರು.

“ಹದಿನೆಂಟು ವರ್ಷ, ಕಣಮ್ಮ. ಹದಿನೆಂಟು ವರ್ಷ ನಿಮ್ಮ ಮನೆಯಿಂದ ತಪ್ಪು ಆಳನ್ನ ಡ್ಯೂಟಿಗೆ ಹಾಕ್ಕೊಂಡಿದ್ದೆ.”